ಅಲುಗದ ಬೆಂಚಿಗೆ ಹೊಸ ಮರ ಬೇಕಿಲ್ಲ

ಕಾರ್ ಶೆಡ್ಡಿನಲ್ಲೋ ಪೋರ್ಟಿಕೊದ ಮೂಲೆಯಲ್ಲೋ ಮನೆಮಟ್ಟದ ಒಂದು ಪುಟ್ಟ ವರ್ಕ್‌ಶಾಪು ಮಾಡಿಕೊಳ್ಳಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ತರುವುದು ಡ್ರಿಲ್ ಮಷಿನ್ನು. ಅದರ ಹಿಂದೆಯೇ ಗ್ರೈಂಡರ್, ಜಿಗ್‌ಸಾ, ಸ್ಪ್ಯಾನರ್ ಸೆಟ್ಟು ಬರುತ್ತವೆ. ಎಲ್ಲವನ್ನೂ ಹರವಿಕೊಂಡು ಕೆಲಸಕ್ಕೆ ಇಳಿದಾಗ ಹಲಗೆಯನ್ನು ಎಲ್ಲಿ ಇಟ್ಟು ಕೊಯ್ಯುವುದು ಎಂಬ ಪ್ರಶ್ನೆ ಏಳುತ್ತದೆ. ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು ಮೊಣಕಾಲಿನಲ್ಲಿ ಅದುಮುವುದು, ಮೆಟ್ಟಿಲಿನ ಅಂಚಿಗೆ ಒತ್ತಿ ಹಿಡಿಯುವುದು, ಅದೂ ಆಗದಿದ್ದರೆ ಮನೆಯಲ್ಲಿ ಯಾರನ್ನಾದರೂ ಕರೆದು 'ಒಂದು ನಿಮಿಷ ಗಟ್ಟಿಯಾಗಿ ಹಿಡ್ಕೋ' ಎನ್ನುವುದು. ಕೊಯ್ತ ಸೊಟ್ಟಗಾಗುತ್ತದೆ, ತೂತು ಓರೆಯಾಗುತ್ತದೆ, ಬೈಗುಳ ಗರಗಸಕ್ಕೆ ಬೀಳುತ್ತದೆ. ಇನ್ನೂ ಒಳ್ಳೆಯ ಕಂಪನಿಯದು ತರಬೇಕಿತ್ತು ಅನ್ನಿಸಿ ಮತ್ತಷ್ಟು ದುಡ್ಡು ಅಂಗಡಿಗೆ ಹೋಗುತ್ತದೆ. ನಡೆದದ್ದು ಇಷ್ಟೇ: ಹಲಗೆ ಅಲುಗಿತು. ಅಲುಗುವ ಹಲಗೆಯ ಮೇಲೆ ಎಂಥ ಗರಗಸವೂ ನೇರ ಓಡುವುದಿಲ್ಲ. ಗಟ್ಟಿಯಾಗಿ ಕೂತ ಹಲಗೆಯ ಮೇಲಾದರೆ ಹಳೆಯ ಕೈಗರಗಸವೂ ಗೆರೆ ಬಿಡುವುದಿಲ್ಲ.

ಹಾಗಾಗಿ ಇರುವ ಹಣದಲ್ಲಿ ಮೊದಲ ಪಾಲು ಬೆಂಚಿಗೆ, ಎರಡನೆಯದು ಸಾಮಾನು ಇಡುವ ರ್‍ಯಾಕಿಗೆ, ಮಿಕ್ಕಿದ್ದು ಉಪಕರಣಗಳಿಗೆ ಹೋಗಬೇಕು. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಮರಗೆಲಸದ ಮೇಲೆ ದೊಡ್ಡ ಗ್ರಂಥ ಬರೆದ ಆಂಡ್ರೆ ರೂಬೊ ಎಂಬ ಬಡಗಿ ಬೆಂಚನ್ನೇ ಬಡಗಿಯ ಮೊದಲ ಉಪಕರಣವಾಗಿ ಎಣಿಸಿದ್ದ. ಬೆಂಚಿಗೇ ಅಷ್ಟು ಸುರಿದರೆ ಖರ್ಚು ಏರುವುದಿಲ್ಲವೇ ಎಂದು ಕೇಳಬಹುದು. ಏರುವುದಿಲ್ಲ. ಪೀಠೋಪಕರಣಕ್ಕೆ ನಾವು ಕೊಡುವ ಬೆಲೆಯಲ್ಲಿ ದೊಡ್ಡ ಭಾಗ ಅದರ ಅಂದಕ್ಕೆ ಹೋಗುತ್ತದೆ: ಮರದ ಎಳೆ, ಪಾಲಿಶ್, ಮೈಕಾ, ಕಣ್ಣಿಗೆ ಕಾಣದ ಜೋಡಣೆ. ಬೆಂಚಿಗೆ ಇವು ಯಾವುದೂ ಬೇಡ. ಅದು ಮಾಡಬೇಕಾದ ಕೆಲಸ ಒಂದೇ, ಇಟ್ಟ ಕಡೆ ಅಲುಗದೆ ಇರುವುದು. ಅಲುಗದಿರುವುದಕ್ಕೆ ಬೇಕಾದ ತೂಕ, ದಪ್ಪ ಮತ್ತು ಓರೆಪಟ್ಟಿ ಮೂರೂ ನಮ್ಮ ಊರುಗಳ ಗುಜರಿ ಅಂಗಡಿಗಳಲ್ಲಿ, ಮನೆ ಕೆಡವುವ ಜಾಗಗಳಲ್ಲಿ ಅತಿ ಅಗ್ಗಕ್ಕೆ ಸಿಗುವ ವಸ್ತುಗಳು.

ದಪ್ಪದಿಂದ ಶುರು ಮಾಡೋಣ, ಏಕೆಂದರೆ ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಹಲಗೆ ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ದಪ್ಪ ಎರಡರಷ್ಟಾದರೆ ಬಿಗಿ ಎಂಟರಷ್ಟಾಗುತ್ತದೆ. 18 ಮಿಲಿಮೀಟರಿನ ಎರಡು ಪ್ಲೈವುಡ್ ಹಾಳೆಗಳನ್ನು ಸುಮ್ಮನೆ ಒಂದರ ಮೇಲೊಂದು ಇಟ್ಟರೆ ಬಿಗಿ ಎರಡರಷ್ಟು ಮಾತ್ರ. ಅವೇ ಹಾಳೆಗಳ ನಡುವೆ ಫೆವಿಕಾಲ್ ಬಳಿದು ಒಂದೇ ಹಲಗೆಯಂತೆ ಅಂಟಿಸಿದರೆ ಎಂಟರಷ್ಟು. ಅದೇ ಮರ, ಅದೇ ದುಡ್ಡು. ನಡುವೆ ಒಂದು ಡಬ್ಬ ಅಂಟು, ರಾತ್ರಿಯಿಡೀ ಮೇಲೆ ಒತ್ತಲು ನೀರು ತುಂಬಿದ ನಾಲ್ಕಾರು 20 ಲೀಟರಿನ ಕ್ಯಾನುಗಳು. ಮನೆ ಕಟ್ಟಿಸಿ ಉಳಿದ ಪ್ಲೈವುಡ್ ತುಂಡುಗಳು ಎಷ್ಟೋ ಮನೆಗಳ ಸಜ್ಜದ ಮೇಲೆ ಧೂಳು ತಿನ್ನುತ್ತಿರುತ್ತವೆ. ಅವನ್ನು ಕೀಲುಗಳು ಒಂದರ ಮೇಲೊಂದು ಬರದಂತೆ, ಇಟ್ಟಿಗೆ ಜೋಡಿಸುವ ಹಾಗೆ ಜೋಡಿಸಿ ಅಂಟಿಸಿದರೆ ಗಟ್ಟಿ ಬೆಂಚಿನ ಮೈ ಸಿದ್ಧವಾಗುತ್ತದೆ.

ಅದಕ್ಕಿಂತ ಸುಲಭದ ದಾರಿ ಹಳೆಯ ಫ್ಲಶ್ ಡೋರ್. ನಮ್ಮಲ್ಲಿ ಮನೆಯೊಳಗಿನ ಇಂಥ ಬಾಗಿಲುಗಳು ಹೆಚ್ಚಾಗಿ 30 ಅಥವಾ 35 ಮಿಲಿಮೀಟರ್ ದಪ್ಪ, ಏಳಡಿ ಎತ್ತರ, ಎರಡೂವರೆಯಿಂದ ಮೂರಡಿ ಅಗಲ. 35 ಮಿಲಿಮೀಟರ್ ಬಾಗಿಲು 18 ಮಿಲಿಮೀಟರ್ ಪ್ಲೈವುಡ್ಡಿಗಿಂತ ಹೆಚ್ಚುಕಡಿಮೆ ಏಳುಪಟ್ಟು ಬಿಗಿ. ಗುಜರಿಯವರು ಗೋಡೆಗೆ ಒರಗಿಸಿಟ್ಟ ಬಾಗಿಲುಗಳ ಸಾಲಿನಲ್ಲಿ ಆರಿಸುವಾಗ ಬೆರಳಿನ ಗಿಣ್ಣಿನಿಂದ ಮೇಲಿನಿಂದ ಕೆಳಗೆ ಕುಟ್ಟುತ್ತ ಬರಬೇಕು. ಒಳಗೆ ಮರದ ತುಂಡುಗಳು ತುಂಬಿದ ಬಾಗಿಲು ಉದ್ದಕ್ಕೂ ಒಂದೇ ಬಗೆಯ ಮಂದ ಸದ್ದು ಕೊಡುತ್ತದೆ. ಟೊಳ್ಳು ಬಾಗಿಲು ಡಬ್ಬದಂತೆ ಬಡಿದುಕೊಳ್ಳುತ್ತದೆ. ಅದನ್ನು ಅಲ್ಲೇ ಬಿಡಿ, ಸುತ್ತಿಗೆಯ ಎರಡೇಟಿಗೆ ಒಳಗೆ ಕುಸಿಯುತ್ತದೆ. ಆಮೇಲೆ ಬಾಗಿಲನ್ನು ತಲೆಕೆಳಗು ಮಾಡಿ ಅಡಿಯ ಅಂಚು ನೋಡಬೇಕು. ಬಚ್ಚಲುಮನೆಯ ಬಾಗಿಲಾದರೆ ಕೆಳಗಿನ ಒಂದಡಿ ನೀರು ಕುಡಿದು ಉಬ್ಬಿ, ಮೇಲಿನ ಪದರ ಚಕ್ಕೆಯಾಗಿ ಎದ್ದಿರುತ್ತದೆ. ಇದರಿಂದ ನಿಮಗೆ ನಷ್ಟವಿಲ್ಲ. ಆ ಒಂದಡಿ ಕೊಯ್ದು ಬಿಸಾಡಿದರೂ ಆರಡಿ ಉಳಿಯುತ್ತದೆ, ಬೆಂಚಿಗೆ ಅಷ್ಟೇ ಬೇಕು. ಅಂಚಿನಲ್ಲಿ ಮಣ್ಣಿನ ಗೆರೆ ಕಂಡರೆ ಮಾತ್ರ ಕೊಳ್ಳಬೇಡಿ, ಅದು ಗೆದ್ದಲಿನ ಗುರುತು. ತಂದ ಬಾಗಿಲನ್ನು ಕೂರಿಸುವಾಗ ತಿರುಗಣಿ ಕೂತಿದ್ದ ಕಚ್ಚುಗಳನ್ನು ಗೋಡೆಯ ಕಡೆಗೆ ತಿರುಗಿಸಿ, ಬೀಗದ ತೂತಿಗೆ ಮರದ ತುಂಡು ಬಡಿದು ಮುಚ್ಚಿದರಾಯಿತು. ಮೇಲೆ ತೆಳು ಹಾರ್ಡ್‌ಬೋರ್ಡಿನ ಹಾಳೆ ಹಾಸಿ ನಾಲ್ಕು ಸ್ಕ್ರೂ ಹೊಡೆದರೆ ಗಾಯವೆಲ್ಲ ಆ ಹಾಳೆಗೆ ಆಗುತ್ತದೆ. ಹಾಳಾದಾಗ ಅದನ್ನಷ್ಟೇ ಬದಲಿಸಬಹುದು.

ಮೈ ಆಯಿತು, ಇನ್ನು ಕಾಲು. ಫ್ಯಾಬ್ರಿಕೇಷನ್ ಅಂಗಡಿಗೆ ಹೋಗಿ 'ಒಂದು ಟೇಬಲ್ ಫ್ರೇಮ್ ಮಾಡಿಕೊಡಿ' ಎಂದರೆ ಒಂದು ಬೆಲೆ ಹೇಳುತ್ತಾರೆ. ಅಳತೆಯ ಚೀಟಿ ಹಿಡಿದು ಹೋದರೆ ಕಬ್ಬಿಣದ ತೂಕ ಮತ್ತು ವೆಲ್ಡಿಂಗ್ ಕೂಲಿಯ ಲೆಕ್ಕಕ್ಕೆ ಬರುತ್ತಾರೆ. 40 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪದ ಎಂ.ಎಸ್. ಆಂಗಲ್ ಒಂದು ಮೀಟರಿಗೆ ಸುಮಾರು 3 ಕೆಜಿ ತೂಗುತ್ತದೆ. ಚೌಕಟ್ಟು 1.75 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 85 ಸೆಂಟಿಮೀಟರ್ ಎತ್ತರ ಇರಲಿ. ಮೇಲೆ ಪೂರ್ತಿ ಚೌಕ, ಕೆಳಗೆ ಹಿಂದೆ ಮತ್ತು ಎರಡು ಪಕ್ಕ ಮಾತ್ರ ಅಡ್ಡಪಟ್ಟಿ, ಮುಂದೆ ಕಾಲು ಚಾಚಲು ಖಾಲಿ. ಎಲ್ಲ ಸೇರಿ 11 ಮೀಟರಿಗೆ ಒಂದು ಚೂರು ಹೆಚ್ಚು. ಅಂಗಡಿಯಲ್ಲಿ ಸಿಗುವ 6 ಮೀಟರಿನ ಎರಡು ಉದ್ದದಲ್ಲೇ, ಹೆಚ್ಚು ಪೋಲಾಗದೆ, ಇಷ್ಟೂ ಹುಟ್ಟುತ್ತದೆ. ಅಂದರೆ 33 ಕೆಜಿಯಷ್ಟು ಕಬ್ಬಿಣ. ಅದೇ ಆಂಗಲ್ ಗುಜರಿಯಲ್ಲಿ ಹಳೆಯ ಗೇಟಿನ ರೂಪದಲ್ಲಿ ಸಿಕ್ಕರೆ ಇನ್ನೂ ಅಗ್ಗ, ಮೇಲಿನ ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಬಳಿದರೆ ಸಾಕು. 85 ಸೆಂಟಿಮೀಟರ್ ಎಂಬುದೂ ಕಟ್ಟಲೆಯಲ್ಲ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಬರುವ ಎತ್ತರ ಕೀಸುಳಿ ತಳ್ಳುವವರಿಗೆ ಸರಿಹೋಗುತ್ತದೆ. ಸೋಲ್ಡರಿಂಗ್, ಮಿಕ್ಸಿ ರಿಪೇರಿಯಂಥ ಕಣ್ಣಿನ ಕೆಲಸವೇ ಹೆಚ್ಚಾದರೆ ಮೊಣಕೈಯ ಹತ್ತಿರಕ್ಕೆ ಏರಿಸಬೇಕು.

ವೆಲ್ಡಿಂಗ್ ಬೇಡ, ಮರದ ಕಾಲೇ ಇರಲಿ ಎನ್ನುವವರು ಓರೆಪಟ್ಟಿಯನ್ನು ಮರೆಯಬಾರದು. ನಾಲ್ಕು ಪಟ್ಟಿಗಳನ್ನು ಮೂಲೆಗೊಂದು ಮೊಳೆ ಹೊಡೆದು ಚೌಕ ಮಾಡಿದರೆ ಬೆರಳಲ್ಲಿ ತಳ್ಳಿದರೂ ವಾಲುತ್ತದೆ. ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಹೊಡೆದ ಕ್ಷಣ ನಿಂತುಬಿಡುತ್ತದೆ. ಹಳ್ಳಿಯ ಹಲಗೆ ಬಾಗಿಲುಗಳ ಹಿಂದೆ ಓರೆಯಾಗಿ ಬಡಿದ ಪಟ್ಟಿ ಇದೇ ಕಾರಣಕ್ಕೆ ಇದೆ. ಬೆಂಚಿನ ಹಿಂಬದಿಗೆ 6 ಮಿಲಿಮೀಟರ್ ಪ್ಲೈವುಡ್ ಹಾಳೆಯೊಂದನ್ನು ಸುತ್ತಲೂ ಸ್ಕ್ರೂ ಹೊಡೆದು ಕೂರಿಸಿದರೂ ಅದೇ ಕೆಲಸವಾಗುತ್ತದೆ. ಕಾಲುಗಳನ್ನು ಕೂರಿಸುವ ಮುಂಚೆ ಎರಡು ಕರ್ಣಗಳನ್ನೂ ಟೇಪಿನಲ್ಲಿ ಅಳೆಯಬೇಕು, ಎರಡೂ ಒಂದೇ ಬಂದರೆ ಮೂಲೆ ಸರಿಯಿದೆ. ತೂಕಕ್ಕಂತೂ ಖರ್ಚೇ ಇಲ್ಲ. ಕೆಳಗಿನ ಅಡ್ಡಪಟ್ಟಿಗಳ ಮೇಲೆ ಹಲಗೆ ಹಾಸಿ, ಮನೆ ಕಟ್ಟುವಾಗ ಉಳಿದ ಆರಿಂಚಿನ ಸಾಲಿಡ್ ಬ್ಲಾಕ್ ನಾಲ್ಕು ಇಟ್ಟರೆ ಒಂದೊಂದೂ 25 ಕೆಜಿಯಂತೆ ಒಂದು ಕ್ವಿಂಟಾಲ್ ಆಯಿತು. ಆ ಬೆಂಚು ಕೀಸುಳಿಯ ತಳ್ಳಿಗೆ ಹಿಂದೆ ಸರಿಯುವುದಿಲ್ಲ.

ನಮ್ಮ ಬಡಗಿಗಳು ತಲೆಮಾರುಗಳ ಕಾಲ ನೆಲದ ಮೇಲೆ ಕೂತೇ ತೇರು, ತೊಟ್ಟಿಲು, ಬಾಗಿಲವಾಡ ಮಾಡಿದ್ದಾರಲ್ಲ, ಅವರಿಗೆ ಯಾವ ಬೆಂಚಿತ್ತು ಎಂದು ಕೇಳುವವರಿದ್ದಾರೆ. ಗಂಭೀರವಾಗಿ ಉತ್ತರಿಸಬೇಕಾದ ಪ್ರಶ್ನೆಯಿದು, ಏಕೆಂದರೆ ಆ ಕೆಲಸದ ಮಟ್ಟವನ್ನು ಯಾರೂ ಪ್ರಶ್ನಿಸಲಾರರು. ನೆಲದಲ್ಲಿ ಕೂತ ಆಚಾರಿಯ ಮೈಯನ್ನು ಗಮನಿಸಿ. ಒಂದು ಪಾದ ಹಲಗೆಯನ್ನು ಅದುಮಿರುತ್ತದೆ, ಇನ್ನೊಂದರ ಹಿಮ್ಮಡಿ ಅದರ ತುದಿಗೆ ತಡೆಯಾಗಿರುತ್ತದೆ, ಹೆಬ್ಬೆರಳು ಉಳಿಯ ಪಕ್ಕದಲ್ಲೇ ಕಾವಲಿರುತ್ತದೆ. ಅಂದರೆ ಅವರ ಮೈಯೇ ಅವರ ಬೆಂಚು. ಆ ಹಿಡಿತ ಬರುವುದು ಚಿಕ್ಕಂದಿನಿಂದ ಅಪ್ಪನ ಪಕ್ಕ ಕೂತು ಕಲಿತಾಗ, ಭಾನುವಾರ ಎರಡು ಗಂಟೆ ಬಿಡುವು ಸಿಕ್ಕವರಿಗಲ್ಲ. ಇನ್ನೂ ಹತ್ತಿರದಿಂದ ನೋಡಿದರೆ, ಬಾಚಿಯಲ್ಲಿ ಕೆತ್ತುವಾಗ ಆಚಾರಿಯ ಮುಂದೆ ದಪ್ಪನೆಯ ಮರದ ಕೊರಡೊಂದು ಇರುತ್ತದೆ. ಪೆಟ್ಟು ಬೀಳುವುದು ಅದರ ಮೇಲೆ. ಕಮ್ಮಾರರಂತೂ ಅಡಿಗಲ್ಲನ್ನು ದಿಮ್ಮಿಗೆ ಕೂರಿಸಿ ದಿಮ್ಮಿಯನ್ನು ನೆಲದಲ್ಲಿ ಹೂಳುತ್ತಿದ್ದರು. ಕೆಲಸದ ಕೆಳಗೆ ಅಲುಗದ ಭಾರ ಇರಬೇಕೆಂಬುದು ನಮ್ಮ ಕುಲುಮೆಗಳೇ ಕಂಡುಕೊಂಡ ಸತ್ಯ. ಜೊತೆಗೆ ಈಗ ಕೈಯಲ್ಲಿ ಕರೆಂಟಿನ ಯಂತ್ರಗಳಿವೆ. ತಿರುಗುವ ಬ್ಲೇಡಿನ ಎದುರು ಪಾದದಲ್ಲಿ ಹಲಗೆ ಹಿಡಿಯುವುದನ್ನು ಯಾವ ಪರಂಪರೆಯೂ ಕಲಿಸಿಲ್ಲ, ಯಾರೂ ಮಾಡಲೂಬಾರದು.

ರ್‍ಯಾಕಿನ ಲೆಕ್ಕ ಬೇರೆ. ಅಲ್ಲಿ ದಪ್ಪಕ್ಕಿಂತ ಆಧಾರದಿಂದ ಆಧಾರಕ್ಕಿರುವ ದೂರ ಮುಖ್ಯ. ಒಂದೇ ಸಮನೆ ಸಾಮಾನು ತುಂಬಿದ ಹಲಗೆಯ ಜಗ್ಗುವಿಕೆ ಆ ದೂರದ ನಾಲ್ಕನೆಯ ಘಾತದಲ್ಲಿ ಏರುತ್ತದೆ: ಎರಡಡಿಯ ಬದಲು ಮೂರಡಿ ಅಂತರ ಬಿಟ್ಟರೆ ಹಲಗೆ ಐದುಪಟ್ಟು ಜಗ್ಗುತ್ತದೆ. ಅಡುಗೆಮನೆಯ ಶೆಲ್ಫಿನ ಅಂದಾಜು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಒಂದು ಲೀಟರಿನ ಡಬ್ಬದ ತುಂಬ ಮೊಳೆ ಹಾಕಿದರೆ ಮೂರ್ನಾಲ್ಕು ಕೆಜಿ ತೂಗುತ್ತದೆ. ದೂರ ಕಡಿಮೆ ಮಾಡಲಾಗದಿದ್ದರೆ ಮುಕ್ಕಾಲಿಂಚಿನ, ಒಂದಡಿ ಅಗಲದ ಹಲಗೆಯ ಮುಂದೆ ಹಿಂದೆ ಎರಡಿಂಚಿನ ರೀಪು ನಿಲ್ಲಿಸಿ ಬಡಿಯಿರಿ. ಬಿಗಿ ಮೂರುಪಟ್ಟಿಗಿಂತ ಹೆಚ್ಚಾಗುತ್ತದೆ, ಖರ್ಚಾಗುವುದು ಎರಡು ಕೋಲು ರೀಪು.

ಆದರೂ ರ್‍ಯಾಕನ್ನು ಮರದಲ್ಲಿ ಕಟ್ಟಬೇಡಿ ಎಂದೇ ಹೇಳುತ್ತೇನೆ. ಕಾರಣ ತೂತು ತೂತಿನ ಸ್ಲಾಟೆಡ್ ಆಂಗಲ್. ಲಂಡನ್ನಿನಲ್ಲಿ ಮುದ್ರಣಾಲಯ ನಡೆಸುತ್ತಿದ್ದ ಡಿಮಿಟ್ರಿಯಸ್ ಕೊಮಿನೊ ಎಂಬ ಎಂಜಿನಿಯರಿಗೆ, ಕೆಲಸದ ಅಗತ್ಯ ಬದಲಾದಾಗಲೆಲ್ಲ ಮರದ ರ್‍ಯಾಕುಗಳನ್ನು ಒಡೆದು ಹೊಸದಾಗಿ ಕಟ್ಟಿಸುವುದು ದಂಡವೆನಿಸಿತ್ತು. ಬೋಲ್ಟು ಬಿಚ್ಚಿ ಬೇಕಾದಂತೆ ಮತ್ತೆ ಜೋಡಿಸಬಹುದಾದ ತೂತಿನ ಆಂಗಲ್ಲನ್ನು ಅವನು ರೂಪಿಸಿದ. 1947ರಲ್ಲಿ ಡೆಕ್ಸಿಯಾನ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಇಂದು ನಮ್ಮ ಮೆಡಿಕಲ್ ಶಾಪು, ಕಿರಾಣಿ ಗೋದಾಮು, ಪಂಚಾಯತಿ ಕಚೇರಿಯ ಕಡತಗಳ ಕೋಣೆ ಎಲ್ಲೆಲ್ಲೂ ಇರುವುದು ಅದರದೇ ಸಂತತಿ. ಕಚೇರಿ ಬದಲಿಸುವವರು, ಅಂಗಡಿ ಮುಚ್ಚುವವರು ಇದನ್ನು ತೂಕಕ್ಕೆ ಹಾಕುತ್ತಾರೆ. ಬೆಂಗಳೂರಿನ ಜಾಲಿ ಮೊಹಲ್ಲದಂಥ ಗುಜರಿ ಪೇಟೆಗಳಲ್ಲಿ, ಬೇರೆ ಊರುಗಳ ಕೈಗಾರಿಕಾ ಬಡಾವಣೆಗಳ ಅಕ್ಕಪಕ್ಕದಲ್ಲಿ ಹುಡುಕಿದರೆ ಸಿಗುತ್ತದೆ. ಕೊಳ್ಳುವಾಗ ಮೂಲೆಗೆ ಹಾಕುವ ತ್ರಿಕೋನದ ತಗಡುಗಳನ್ನೂ ಕೇಳಿ ಪಡೆಯಬೇಕು, ಅವಿಲ್ಲದಿದ್ದರೆ ರ್‍ಯಾಕು ಕಾಲು ಸೋತವರಂತೆ ವಾಲುತ್ತದೆ. ಅದರ ತಗಡಿನ ಹಲಗೆಗಳಿಗೆ ಬದಲು ಕಡಪ ಕಲ್ಲಿನ ಚಪ್ಪಡಿಯನ್ನೂ ಹಾಕಬಹುದು. ನಮ್ಮ ಅಡುಗೆಮನೆಗಳ ಶೆಲ್ಫುಗಳಿಗೆ ಬಳಸಿ ಉಳಿದ, ಅಂಚು ಒಡೆದ ತುಂಡುಗಳು ಕಲ್ಲಿನ ಅಂಗಡಿಯ ಹಿತ್ತಿಲಲ್ಲಿ ಬಿದ್ದಿರುತ್ತವೆ. ಕಲ್ಲಿಗೆ ಗೆದ್ದಲಿಲ್ಲ, ತುಕ್ಕಿಲ್ಲ, ಚೆಲ್ಲಿದ ಎಣ್ಣೆಯ ಭಯವಿಲ್ಲ. ಆದರೆ ಅದು ಬಾಗದೆ ಒಮ್ಮೆಲೇ ಮುರಿಯುವ ವಸ್ತು, ಆದ್ದರಿಂದ ಎರಡಡಿಗೊಂದು ಆಧಾರ ಕೊಡಬೇಕು, ಎದೆಮಟ್ಟಕ್ಕಿಂತ ಮೇಲೆ ಇಡಬಾರದು. ಡ್ರಾಯರುಗಳಿಗೆ 15 ಕೆಜಿಯ ಅಡುಗೆ ಎಣ್ಣೆ ಡಬ್ಬಗಳಿವೆ. ಮಲಗಿಸಿ ಮೇಲಿನ ಮೈ ಕೊಯ್ದು, ಚೂಪು ಅಂಚನ್ನು ಒಳಕ್ಕೆ ಮಡಿಸಿ ಬಡಿದು, ಮುಂದೆ ಒಂದು ಹಿಡಿ ಹಾಕಿದರೆ ಸ್ಪ್ಯಾನರ್, ಪೈಪಿನ ಬಿಡಿಭಾಗ, ಸರಪಳಿ ಎಲ್ಲಕ್ಕೂ ಒಂದೊಂದು ಮನೆ.

ಜಾಗ ಉಳಿಸಲು ರ್‍ಯಾಕನ್ನು ಗೋಡೆಗೇ ನೇತುಹಾಕುವುದು ಒಳ್ಳೆಯದಲ್ಲವೇ ಎಂಬ ಯೋಚನೆ ಸಹಜ. ಗೋಡೆ ಯಾವುದರದು ಎಂಬುದರ ಮೇಲೆ ಉತ್ತರ ನಿಂತಿದೆ. ಸುಟ್ಟ ಇಟ್ಟಿಗೆಯ ಗೋಡೆ ಆಂಕರ್ ಬೋಲ್ಟನ್ನು ಚೆನ್ನಾಗಿ ಹಿಡಿಯುತ್ತದೆ. ಕಾಂಪೌಂಡಿಗೆ, ಕಾರ್ ಶೆಡ್ಡಿಗೆ ಹೆಚ್ಚಾಗಿ ಬಳಸುವ ಹಾಲೋ ಬ್ಲಾಕಿನ ಹೊರಗೋಡೆ ಇಂಚು, ಒಂದೂಕಾಲು ಇಂಚಿನಷ್ಟೇ ದಪ್ಪ. ಬೋಲ್ಟು ಬಿಗಿಯುತ್ತ ಹೋದಂತೆ ಸೀಳುತ್ತದೆ, ಭಾರ ಬಿದ್ದ ಮೇಲೆ ಚೂರೊಂದನ್ನು ಕಿತ್ತುಕೊಂಡೇ ಹೊರಬರುತ್ತದೆ. ಕರಾವಳಿಯ ಕೆಂಪುಕಲ್ಲು ಮೆತ್ತಗಿದ್ದು, ಅದರಲ್ಲಿ ಸಹಜವಾದ ತೂತುಗಳೂ ಇರುತ್ತವೆ. ಅಂಥ ಕಡೆ ಭಾರವೆಲ್ಲ ನೆಲಕ್ಕೆ ಇಳಿಯಲಿ, ಗೋಡೆಯ ಪಾಲಿಗೆ ರ್‍ಯಾಕು ಮುಂದಕ್ಕೆ ಮಗುಚದಂತೆ ಹಿಡಿಯುವ ಕೆಲಸವಷ್ಟೇ ಇರಲಿ. ಮಕ್ಕಳಿರುವ ಮನೆಯಲ್ಲಿ ಈ ಮೇಲ್ಗಡೆಯ ಹಿಡಿತ ತಪ್ಪಬಾರದು.

ಹಳೆಯ ಮರ ತಂದರೆ ಗೆದ್ದಲನ್ನೂ ಮನೆಗೆ ಕರೆದಂತೆ ಎಂಬ ಭಯಕ್ಕೆ ಆಧಾರವಿದೆ. ಪೀಣ್ಯ, ಬೈಕಂಪಾಡಿಗಳಂಥ ಕೈಗಾರಿಕಾ ಪ್ರದೇಶಗಳಲ್ಲಿ ಯಂತ್ರಗಳ ಜೊತೆ ಬಂದ ಪೈನ್ ಮರದ ಪ್ಯಾಲೆಟ್ಟುಗಳು ಅಗ್ಗಕ್ಕೆ ಸಿಗುತ್ತವೆ. ಅವುಗಳ ಪಕ್ಕದಲ್ಲಿ ಗೋಧಿ ತೆನೆಯ ಚಿತ್ರದೊಂದಿಗೆ ಸುಟ್ಟ ಮುದ್ರೆಯೊಂದಿರುತ್ತದೆ. ಅದರಲ್ಲಿ 'ಎಚ್‌ಟಿ' ಎಂದಿದ್ದರೆ ಮರದ ತಿರುಳು 56 ಡಿಗ್ರಿ ಶಾಖದಲ್ಲಿ 30 ನಿಮಿಷ ಕಾದಿದೆ ಎಂದರ್ಥ. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ, ಅದನ್ನು ಮನೆಗೆ ತರದಿರುವುದೇ ಮೇಲು. ಶಾಖ ಕೊಟ್ಟ ಮರದಲ್ಲಿ ಅಂದಿದ್ದ ಹುಳು ಸತ್ತಿರುತ್ತದೆ, ನಾಳೆ ಬರುವ ಗೆದ್ದಲಿಗೆ ಅದು ಮೊದಲಿನಷ್ಟೇ ರುಚಿ. ಪ್ಯಾಲೆಟ್ ಪೈನನ್ನು ಒಣಗಿದ ಒಳಾಂಗಣದ ಹಲಗೆಗಳಿಗೆ ಮಾತ್ರ ಇಟ್ಟುಕೊಳ್ಳಿ. ಕಾಲುಗಳಿಗೆ ಕೆಡವಿದ ಹಳೆಯ ಮನೆಗಳ ಮತ್ತಿ, ಹೊನ್ನೆ, ಹಲಸಿನ ತೊಲೆತುಂಡುಗಳು ಸಿಕ್ಕರೆ ಅವಕ್ಕೆ ಸಮನಾದದ್ದಿಲ್ಲ. ನೆಲದ ಗೆದ್ದಲು ಮಣ್ಣಿನ ಸುರಂಗ ಕಟ್ಟಿಕೊಂಡೇ ಮೇಲೇರಬೇಕು. ಹಾಗಾಗಿ ಬೆಂಚನ್ನು ಗೋಡೆಯಿಂದ ಮೂರಿಂಚು ಬಿಟ್ಟು, ಮರದ ಕಾಲಿನಡಿ ಟೈಲ್ಸ್ ತುಂಡು ಇಟ್ಟು, ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಕಾಲು ನೋಡುವುದು ಯಾವ ಔಷಧಿಗಿಂತಲೂ ನೆಚ್ಚತಕ್ಕದ್ದು. ಕಬ್ಬಿಣದ ಕಾಲಾದರೆ ಮಣ್ಣಿನ ಗೆರೆ ದೂರದಿಂದಲೇ ಕಾಣುತ್ತದೆ. ಮಲೆನಾಡು, ಕರಾವಳಿಯಲ್ಲಿ ಮಳೆಯ ಇರಿಚಲು ಬಡಿಯುವ ಶೆಡ್ಡಾದರೆ ಸಾಧಾರಣ ಪ್ಲೈವುಡ್ ಎರಡು ಮಳೆಗಾಲದಲ್ಲಿ ಪದರ ಬಿಡಬಹುದು. ಅಲ್ಲಿ ಐಎಸ್ 710 ಮುದ್ರೆಯ ಮೆರೈನ್ ಪ್ಲೈವುಡ್ಡಿಗೆ ಕೊಟ್ಟ ಹೆಚ್ಚಿನ ಹಣ ದಂಡವಲ್ಲ.

ಇಷ್ಟೆಲ್ಲ ಅಲೆಯುವುದರ ಬದಲು ಆನ್‌ಲೈನಿನಲ್ಲಿ ಮಡಚುವ ವರ್ಕ್‌ಬೆಂಚ್ ತರಿಸಬಹುದಲ್ಲ ಎಂಬುದು ಸಮಯವಿಲ್ಲದವರ ನ್ಯಾಯವಾದ ಮಾತು. ಕೊರಿಯರಿನಲ್ಲಿ ಬರಬೇಕಾದ ವಸ್ತುವನ್ನು ತಯಾರಕರು ಹಗುರವಾಗಿಯೇ ಮಾಡಬೇಕು, ಇಲ್ಲದಿದ್ದರೆ ಸಾಗಣೆಯ ವೆಚ್ಚ ಅದರ ಬೆಲೆಯನ್ನು ನುಂಗುತ್ತದೆ. ಬೆಂಚಿಗೆ ಬೇಕಾದ ಮುಖ್ಯ ಗುಣವನ್ನೇ ತೆಗೆದು ಕಳಿಸಿದಂತಾಯಿತು. ಬಣ್ಣ ಬಳಿಯಲು, ಸಣ್ಣ ರಿಪೇರಿಗೆ ಅದು ಸಾಕು. ಕೀಸುಳಿ, ಫೈಲು, ಸುತ್ತಿಗೆಯ ಕೆಲಸಕ್ಕೆ ಸಾಲದು. ಸಮಯವೇ ಇಲ್ಲದವರು ಗುಜರಿಯಿಂದ ಹಳೆಯ ಕಚೇರಿಯ ಸ್ಟೀಲ್ ಟೇಬಲ್ ತಂದು ಮೇಲೊಂದು ಬಾಗಿಲು ಬಿಗಿಯಲಿ. ಅರ್ಧ ದಿನದ ಕೆಲಸ, ಡ್ರಾಯರುಗಳೂ ಜೊತೆಗೇ ಬಂದವು.

ಜಾಗದ ಮಾತಿಗೆ ಬಂದರೆ, 30×40 ಸೈಟಿನ ಮನೆಯಲ್ಲಿ ಕಾರು ನಿಂತ ಮೇಲೆ ಉಳಿಯುವುದು ಬಾಗಿಲು ತೆರೆಯುವಷ್ಟೇ. ಅಲ್ಲಿ ಬಾಗಿಲುಹಲಗೆಯನ್ನು ಗೋಡೆಗೆ ತಿರುಗಣಿಯಿಂದ ಕೂರಿಸಿ, ಮುಂದಿನ ಎರಡು ಕಾಲುಗಳನ್ನು ಮಡಚುವಂತೆ ಮಾಡಿ, ಕಾರು ಹೊರಗಿದ್ದಾಗ ಇಳಿಸಿಕೊಳ್ಳಬಹುದು. ಗೋಡೆ ಮಾತ್ರ ಇಟ್ಟಿಗೆಯದಾಗಿರಬೇಕು. ಮೆಟ್ಟಿಲಿನ ಕೆಳಗಿನ ಓರೆಜಾಗ ರ್‍ಯಾಕಿಗೆ ಹೇಳಿಮಾಡಿಸಿದಂತಿರುತ್ತದೆ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಬೆಂಚು ಹಾಕುವುದಕ್ಕೆ ಸಂಘದ ಒಪ್ಪಿಗೆ ಬೇಕು. ಕಾರ್ ಶೆಡ್ಡಿನ ನೆಲ ನೀರು ಹರಿಯಲೆಂದು ಗೇಟಿನ ಕಡೆ ಇಳಿಜಾರಾಗಿರುವುದರಿಂದ ಹೊಸ ಬೆಂಚು ಮೊದಲ ದಿನವೇ ಕುಂಟುತ್ತದೆ. ಕಾಲಿನಡಿ ನಟ್ ವೆಲ್ಡ್ ಮಾಡಿಸಿ ಉದ್ದದ ಬೋಲ್ಟು ತಿರುಗಿಸಿ, ಮೇಲೆ ರಸಮಟ್ಟ ಇಟ್ಟು ಸಮ ಮಾಡಿಕೊಳ್ಳಬೇಕು.

ಹೀಗೆ ಉಳಿದ ಹಣದಲ್ಲಿ ಜಿಪುಣತನ ಮಾಡಬಾರದ ಕೆಲವು ಜಾಗಗಳಿವೆ. ಅರ್ಥಿಂಗ್ ಇರುವ ಸಾಕೆಟ್ಟು ಮತ್ತು ಕರೆಂಟು ಸೋರಿದರೆ ತಾನೇ ಕಡಿಯುವ ಒಂದು ಆರ್‌ಸಿಸಿಬಿ, ನೆರಳು ಕೈಮೇಲೆ ಬೀಳದಂತೆ ಬೆಂಚಿನ ಮುಂಭಾಗದ ಮೇಲೆ ಟ್ಯೂಬ್‌ಲೈಟು, ಥಿನ್ನರ್ ಮತ್ತು ಟರ್ಪೆಂಟೈನಿಗೆ ಮುಚ್ಚಳವಿರುವ ತಗಡಿನ ಪೆಟ್ಟಿಗೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ರ್‍ಯಾಕಿನಲ್ಲಿ ಎಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಅದನ್ನು ಹೊರಗೆ ಗಾಳಿಯಾಡುವ ಕಡೆ ಬಿಡಿಸಿ ಒಣಹಾಕಬೇಕು. ವೈಸ್ ಮಾತ್ರ ಒಳ್ಳೆಯದೇ ಇರಲಿ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಹೊಸದು ಕೊಳ್ಳುವ ಮುಂಚೆ ಭಾನುವಾರದ ಸಂತೆಗಳ ಹಳೆಯ ಸಾಮಾನಿನಲ್ಲಿ ಎರಕದ ಕಬ್ಬಿಣದ ಹಳೆಯ ವೈಸನ್ನು ಒಮ್ಮೆ ಹುಡುಕಿ. ಹಿಡಿ ತಿರುಗಿಸಿ ದವಡೆಗಳನ್ನು ಪೂರ್ತಿ ತೆರೆದು ಮುಚ್ಚಿ, ಅವು ಕೂಡಿದಾಗ ನಡುವೆ ಬೆಳಕಿನ ಗೆರೆ ಕಾಣುತ್ತದೆಯೇ ನೋಡಿ. ಕುತ್ತಿಗೆಯಲ್ಲಿ ವೆಲ್ಡಿಂಗಿನ ಗುರುತಿದ್ದರೆ ಬಿಟ್ಟು ಬನ್ನಿ. ತಂದದ್ದನ್ನು ಬೆಂಚಿನ ನಡುವೆ ಕೂರಿಸಬೇಡಿ. ಮುಂದಿನ ಕಾಲಿನ ನೆತ್ತಿಯ ಮೇಲೇ, ಹಲಗೆಯನ್ನು ತೂರಿ ಕೆಳಗೆ ಅಗಲದ ವಾಷರ್ ಹಾಕಿದ ಬೋಲ್ಟುಗಳಿಂದ ಬಿಗಿಯಿರಿ. ಆಗ ಸುತ್ತಿಗೆಯ ಪೆಟ್ಟು ಹಲಗೆಯನ್ನು ಕುಣಿಸದೆ ಕಾಲಿನ ಮೂಲಕ ನೇರ ನೆಲಕ್ಕೆ ಇಳಿಯುತ್ತದೆ.